ಬ್ರೂಸ್ಟರ್ ಕುಟುಂಬಕ್ಕೆ ಡಿ. ಎಚ್. ಲಾರೆನ್ಸ್ ಬರೆದ ಪತ್ರಗಳು: ಒಂದು ವಾಗ್ವಾದದ ಸ್ವರೂಪ

ಸಾಹಿತಿಗಳ ಖಾಸಗಿ ಪತ್ರಗಳನ್ನು ವಿಮರ್ಶೆಯು ಬಹುಕಾಲ ಜೀವನಚರಿತ್ರೆಯ ಕಚ್ಚಾ ಸಾಮಗ್ರಿಯೆಂದೇ ಪರಿಗಣಿಸಿಕೊಂಡು ಬಂದಿದೆ. ಯಾವ ಕೃತಿ ಯಾವಾಗ ರಚಿತವಾಯಿತು, ಯಾವ ಪಾತ್ರಕ್ಕೆ ಯಾರು ಮಾದರಿ, ಲೇಖಕನನ್ನು ಯಾವ ಕಾಯಿಲೆ ಕಾಡುತ್ತಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಲ್ಲಿಗೆ ಪತ್ರಗಳ ಕೆಲಸ ಮುಗಿಯಿತೆಂದು ಭಾವಿಸುವುದು ರೂಢಿ. ಇಂಗ್ಲಿಷ್ ಕಾದಂಬರಿಕಾರ ಡಿ. ಎಚ್. ಲಾರೆನ್ಸ್‌ನ (1885–1930) ವಿಷಯದಲ್ಲಿ ಈ ರೂಢಿ ಇನ್ನಷ್ಟು ಬಲವಾಗಿದೆ. ಅಲ್ಡಸ್ ಹಕ್ಸ್‌ಲಿ 1932ರಲ್ಲಿ ಸಂಪಾದಿಸಿದ ಪತ್ರಸಂಪುಟದಿಂದ ಹಿಡಿದು, ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ 1979ರಿಂದ 2000ದವರೆಗೆ ಹೊರತಂದ ಎಂಟು ಸಂಪುಟಗಳವರೆಗೆ ಅವನ ಪತ್ರರಾಶಿ ಬೆಳೆದಿದೆ. ಅದರ ಮೇಲಿನ ಟಿಪ್ಪಣಿಗಳೂ ಬೆಳೆದಿವೆ. ಈ ರಾಶಿಯಲ್ಲಿ ಅಮೆರಿಕದ ಚಿತ್ರಕಾರ ದಂಪತಿಗಳಾದ ಅರ್ಲ್ ಬ್ರೂಸ್ಟರ್, ಆಕ್ಸಾ ಬ್ರೂಸ್ಟರ್ ಹಾಗೂ ಅವರ ಮಗಳು ಹಾರ್ವುಡ್‌ಗೆ ಬರೆದ ಪತ್ರಗಳದೇ ಒಂದು ಸಣ್ಣ ಗುಂಪು. ಪೂರ್ವದೇಶಗಳ ಕುರಿತು, ಅದರಲ್ಲಿಯೂ ಬೌದ್ಧಧರ್ಮದ ಕುರಿತು ಲಾರೆನ್ಸ್ ತಳೆದ ನಿಲುವನ್ನು ತಿಳಿಯಲು ಈ ಗುಂಪಿನಷ್ಟು ನೆರವಾಗುವ ಸಾಮಗ್ರಿ ಬೇರೊಂದಿಲ್ಲ. ಹಾಗಿದ್ದರೂ ಅದನ್ನು ವಾಗ್ವಾದವೆಂದು ಓದಿದವರು ಕಡಿಮೆ.

ಕರ್ನಾಟಕದ ವಿಮರ್ಶಾವಲಯಕ್ಕೆ ಲಾರೆನ್ಸ್ ಪರಿಚಿತನಾದದ್ದು ಬಹುಮಟ್ಟಿಗೆ ಎಫ್. ಆರ್. ಲೀವಿಸ್‌ನ ಮೂಲಕ. ಕೇಂಬ್ರಿಜ್‌ನಲ್ಲಿ ಲೀವಿಸ್‌ನ ಶಿಷ್ಯರಾಗಿದ್ದ ಸಿ. ಡಿ. ನರಸಿಂಹಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಕಾಲದಿಂದ ಆ ಹಾದಿ ತೆರೆದುಕೊಂಡಿತು. ಲೀವಿಸ್ 1955ರಲ್ಲಿ ಲಾರೆನ್ಸ್‌ನ ಮೇಲೆ ಬರೆದ ಗ್ರಂಥದ ಹೆಸರೇ ಅವನನ್ನು ಕಾದಂಬರಿಕಾರನೆಂದು ಎತ್ತಿ ಹೇಳುವಂಥದು. ಕಾದಂಬರಿಯನ್ನು ಕೇಂದ್ರದಲ್ಲಿಟ್ಟ ಆ ಓದಿನಲ್ಲಿ ಪತ್ರಗಳು ಅಂಚಿಗೆ ಸರಿದದ್ದು ಸಹಜವೇ. ಆದರೆ ಲಾರೆನ್ಸ್ ತನ್ನ ವಿಚಾರಗಳನ್ನು ಮೊದಲು ಎದುರಾಳಿಯೊಬ್ಬನ ಮುಂದಿಟ್ಟು ನೋಡುತ್ತಿದ್ದ ಲೇಖಕ. ಆ ಎದುರಾಳಿ ಯಾರೆಂದು ತಿಳಿಯದೆ ಅವನ ಮಾತಿನ ಕಾವನ್ನು ಅಳೆಯಲಾಗದು.

ಬ್ರೂಸ್ಟರ್ ದಂಪತಿಗಳಿಬ್ಬರೂ 1878ರಲ್ಲಿ ಜನಿಸಿದವರು. 1910ರಲ್ಲಿ ಮದುವೆಯಾದ ಮೇಲೆ ಯೂರೋಪಿಗೆ ಬಂದು, ಇಟಲಿಯಲ್ಲಿ ಬಹುಕಾಲ ನೆಲೆಸಿದರು. ಲಾರೆನ್ಸ್ ಸಿಸಿಲಿಯ ತಾವೊರ್ಮಿನಾದಲ್ಲಿ ಬಾಡಿಗೆಗೆ ಹಿಡಿದಿದ್ದ ಫೊಂಟಾನಾ ವೆಕ್ಕಿಯಾ ಎಂಬ ಮನೆಯಲ್ಲಿ ಅದಕ್ಕೂ ಹಿಂದೆ ಇವರೇ ವಾಸವಾಗಿದ್ದರೆಂಬುದು ಆಕಸ್ಮಿಕವಾದರೂ ಸ್ವಾರಸ್ಯವಾದ ಸಂಗತಿ. ಲಾರೆನ್ಸ್ ಅವರನ್ನು ಕಂಡದ್ದು 1921ರ ವಸಂತದಲ್ಲಿ, ಕಾಪ್ರಿ ದ್ವೀಪದಲ್ಲಿ. ಅರ್ಲ್ ಆ ವೇಳೆಗಾಗಲೇ ಬೌದ್ಧಧರ್ಮದ ಅಧ್ಯಯನದಲ್ಲಿ ಮುಳುಗಿದ್ದ. ಮುಂದೆ 1926ರಲ್ಲಿ ಪಾಲಿ ಗ್ರಂಥಗಳ ಆಧಾರದಿಂದಲೇ ಸಂಕಲಿಸಿದ ಬುದ್ಧನ ಜೀವನಚರಿತ್ರೆಯೊಂದನ್ನು ಪ್ರಕಟಿಸಿದ. ಅದಕ್ಕೆ ಮುನ್ನುಡಿ ಬರೆದವರು ಪಾಲಿ ವಿದ್ವಾಂಸೆ ಶ್ರೀಮತಿ ರೈಸ್ ಡೇವಿಡ್ಸ್. ಆದುದರಿಂದ ಅರ್ಲ್‌ನನ್ನು ಪೂರ್ವದ ಮೋಹಕ್ಕೆ ಬಿದ್ದ ಹವ್ಯಾಸಿಯೆಂದು ಬದಿಗೆ ಸರಿಸುವುದು ನ್ಯಾಯವಲ್ಲ. ಲಾರೆನ್ಸ್‌ನ ಜೀವನಚರಿತ್ರೆಗಳಲ್ಲಿ ಅವನು ಸೌಮ್ಯ ಸ್ವಭಾವದ, ಸ್ವಲ್ಪ ಹಾಸ್ಯಾಸ್ಪದವಾದ ಸ್ನೇಹಿತನಾಗಿ ಬಂದು ಹೋಗುವುದುಂಟು. ಆ ಚಿತ್ರವನ್ನು ತಿದ್ದಬೇಕಾಗಿದೆ.

1921ರ ಶರತ್ಕಾಲದಲ್ಲಿ ಬ್ರೂಸ್ಟರ್ ಕುಟುಂಬ ಸಿಂಹಳಕ್ಕೆ ತೆರಳಿತು. ಅರ್ಲ್‌ಗೆ ಪಾಲಿ ಭಾಷೆಯನ್ನು ಅದು ಬದುಕಿದ್ದ ನೆಲದಲ್ಲಿಯೇ ಕಲಿಯುವ ಹಂಬಲ. ಇತ್ತ ಲಾರೆನ್ಸ್‌ಗೆ ಅದೇ ನವೆಂಬರ್‌ನಲ್ಲಿ ಅಮೆರಿಕದ ಟಾವೊಸ್‌ಗೆ ಬರುವಂತೆ ಮೇಬಲ್ ಡಾಜ್ ಎಂಬಾಕೆಯ ಆಹ್ವಾನ ಬಂದಿತು. ಪೂರ್ವಕ್ಕೋ ಪಶ್ಚಿಮಕ್ಕೋ ಎಂಬ ತೊಳಲಾಟ ಆ ಚಳಿಗಾಲದ ಪತ್ರಗಳ ತುಂಬ ಹರಡಿಕೊಂಡಿದೆ. ಅರ್ಲ್‌ಗೆ ನವೆಂಬರ್‌ನಲ್ಲಿ ಬರೆದ ಪತ್ರದಲ್ಲಿ ಅವನು ತನ್ನ ನಿಲುವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಾನೆ: ಧ್ಯಾನವೂ ಅಂತರಂಗದ ಜೀವನವೂ ತನ್ನ ಗುರಿಯಲ್ಲ; ಕ್ರಿಯೆ, ಪ್ರಯಾಸ, ನೋವು, ಭಂಗ, ಅವನ್ನೆಲ್ಲ ಹಾದು ಹೋಗುವ ಹೋರಾಟ ತನಗೆ ಬೇಕು. ಇದಾದ ಎರಡು ತಿಂಗಳಿಗೆ, 1922ರ ಆರಂಭದ ಪತ್ರಗಳಲ್ಲಿ, ಬೌದ್ಧರ ಶಾಂತಿಯೇ ಹೊರಡಬೇಕಾದ ತಾಣವೆಂದೂ ಪೂರ್ವವೇ ಮೂಲವೆಂದೂ ಒಪ್ಪಿಕೊಂಡು ಹಡಗಿನ ಟಿಕೇಟು ಕೊಳ್ಳುತ್ತಾನೆ. ಲಾರೆನ್ಸ್‌ನ ಚಂಚಲ ಸ್ವಭಾವಕ್ಕೆ ಇದನ್ನು ನಿದರ್ಶನವಾಗಿ ಕೊಡುವುದು ವಾಡಿಕೆ. ಆದರೆ ಎರಡೂ ಮಾತುಗಳನ್ನು ಒಟ್ಟಿಗಿಟ್ಟು ನೋಡಿದರೆ ಅವುಗಳ ನಡುವೆ ವಿರೋಧಕ್ಕಿಂತ ಸೂಕ್ಷ್ಮವಾದ ಒಂದು ಸಂಬಂಧ ಕಾಣುತ್ತದೆ. ಅರ್ಲ್‌ಗೆ ಶಾಂತಿ ಎಂಬುದು ತಲುಪಬೇಕಾದ ಕೊನೆ. ಲಾರೆನ್ಸ್‌ಗೆ ಅದು, ದೊರೆತರೆ, ಹೊರಡುವ ಸ್ಥಳ. ಮುಂದಿನ ಎಂಟು ವರ್ಷಗಳ ವಾಗ್ವಾದವೆಲ್ಲ ಈ ವ್ಯತ್ಯಾಸದ ವಿಸ್ತರಣೆಯೆಂದರೆ ತಪ್ಪಾಗಲಾರದು.

ಲಾರೆನ್ಸ್ ಮತ್ತು ಫ್ರೀಡಾ 1922ರ ಫೆಬ್ರವರಿ 26ರಂದು ನೇಪಲ್ಸ್‌ನಿಂದ ಹೊರಟು ಮಾರ್ಚ್ 13ರಂದು ಕೊಲಂಬೊ ತಲುಪಿದರು. ಕ್ಯಾಂಡಿಯ ಹೊರವಲಯದ ಗುಡ್ಡದ ಮೇಲಿದ್ದ ‘ಆರ್ಡ್‌ನಾರಿ’ ಎಂಬ ಬಂಗಲೆಯಲ್ಲಿ ಬ್ರೂಸ್ಟರ್ ಕುಟುಂಬದೊಂದಿಗೆ ಆರು ವಾರ ಕಳೆದು, ಏಪ್ರಿಲ್ 24ರಂದು ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಈ ಆರು ವಾರಗಳೇ ಇಡೀ ಸಂಬಂಧದ ನಡುಗಂಬವೆಂದು ಎಲ್ಲ ಜೀವನಚರಿತ್ರೆಕಾರರೂ ಬರೆದಿದ್ದಾರೆ. ಹಾಗಿರುವಾಗ ಪತ್ರಗಳನ್ನು ಓದುವವನಿಗೆ ಇಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ಈ ಆರು ವಾರ ಬ್ರೂಸ್ಟರ್‌ರಿಗೆ ಬರೆದ ಪತ್ರಗಳಿಲ್ಲ. ಇರಲು ಸಾಧ್ಯವೂ ಇಲ್ಲ. ಒಂದೇ ಜಗಲಿಯ ಮೇಲೆ ಕುಳಿತವರು ಒಬ್ಬರಿಗೊಬ್ಬರು ಕಾಗದ ಬರೆಯುವುದಿಲ್ಲ. ವಾಗ್ವಾದವು ಅತ್ಯಂತ ತೀವ್ರವಾಗಿದ್ದಿರಬಹುದಾದ ಕಾಲದಲ್ಲಿಯೇ ಪತ್ರಮಾಲಿಕೆ ಬರಿದಾಗಿದೆ.

ಆ ಬರಿದನ್ನು ತುಂಬುವುದು ಎರಡು ಬಗೆಯ ದಾಖಲೆಗಳು. ಮೊದಲನೆಯದು, ಅದೇ ದಿನಗಳಲ್ಲಿ ಲಾರೆನ್ಸ್ ಬೇರೆಯವರಿಗೆ ಬರೆದ ಕಾಗದಗಳು. ಅವುಗಳಲ್ಲಿ ಸೆಕೆ, ಕಾಡಿನ ಗದ್ದಲ, ದೇಹದ ಬಳಲಿಕೆ, ಬೌದ್ಧ ದೇವಾಲಯಗಳ ಬಗೆಗಿನ ಅಸಹನೆ, ಕೊನೆಗೆ ತಾನು ಇಂಗ್ಲಿಷಿನವನೇ ಎಂಬ ಹಠ ಎಲ್ಲವೂ ಇವೆ. ಜನರ ಬಗ್ಗೆ ಆಡಿದ ಕೆಲವು ಮಾತುಗಳು ಇಂದು ಓದಿದರೆ ಮುಜುಗರ ಹುಟ್ಟಿಸುವಂಥವು. ಅವನ್ನು ಕಾಲಧರ್ಮವೆಂದು ಹೇಳಿ ಮನ್ನಿಸುವ ಅಗತ್ಯವಿಲ್ಲ. ಎರಡನೆಯದು, ಬ್ರೂಸ್ಟರ್ ದಂಪತಿಗಳು 1934ರಲ್ಲಿ ಲಂಡನ್ನಿನ ಮಾರ್ಟಿನ್ ಸೆಕರ್ ಪ್ರಕಾಶನದಿಂದ ಹೊರತಂದ ‘ಡಿ. ಎಚ್. ಲಾರೆನ್ಸ್: ನೆನಪುಗಳು ಮತ್ತು ಪತ್ರವ್ಯವಹಾರ’ ಎಂಬ ಗ್ರಂಥ. ಇದರಲ್ಲಿ ಅರ್ಲ್‌ನ ನೆನಪುಗಳೂ ಆಕ್ಸಾಳ ನೆನಪುಗಳೂ ಬೇರೆಬೇರೆಯಾಗಿವೆ. ಆಕ್ಸಾ ಕಾಣಿಸುವ ಲಾರೆನ್ಸ್ ಸಿಡುಕನಲ್ಲ. ಇಟಲಿಯ ವೆರ್ಗಾನ ಕತೆಗಳನ್ನು ಅನುವಾದಿಸುತ್ತ ಜಗಲಿಯಲ್ಲಿ ಕುಳಿತವನು, ಒಂಬತ್ತು ವರ್ಷದ ಹುಡುಗಿಯೊಂದಿಗೆ ಸಲಿಗೆಯಿಂದಿದ್ದವನು, ಮನೆಗೆಲಸದಲ್ಲಿ ಕೈಜೋಡಿಸುವವನು. ಎರಡರಲ್ಲಿ ಯಾವುದು ನಿಜವಾದ ಚಿತ್ರ ಎಂದು ಕೇಳುವುದು ವ್ಯರ್ಥ. ಒಂದೇ ದಿನದ ಬೆಳಗ್ಗೆ ಮತ್ತು ಸಂಜೆಗಳಂತೆ ಎರಡೂ ಇದ್ದಿರಬೇಕು.

ಇಲ್ಲಿ ವಿಮರ್ಶೆಗೆ ಮಹತ್ತ್ವದ ಅಂಶವೊಂದಿದೆ. ಲಾರೆನ್ಸ್ ಸಿಂಹಳದಲ್ಲಿ ಕಂಡ ಬೌದ್ಧಧರ್ಮ ಸಿಂಹಳಿಗರದಲ್ಲ. ಅಲ್ಲಿನ ಭಿಕ್ಷುಗಳೊಂದಿಗಾಗಲಿ ಗೃಹಸ್ಥರೊಂದಿಗಾಗಲಿ ಅವನು ಧರ್ಮದ ವಿಚಾರವಾಗಿ ಕುಳಿತು ಚರ್ಚಿಸಿದಂತೆ ತೋರುವುದಿಲ್ಲ. ಅವನ ಮುಂದೆ ಇದ್ದದ್ದು ವಿಹಾರಕ್ಕೆ ಹೋಗಿ ಪಾಲಿ ಕಲಿತು ಮನೆಗೆ ಬರುವ ಅಮೆರಿಕದ ಚಿತ್ರಕಾರನೊಬ್ಬನ ಬೌದ್ಧಧರ್ಮ. ಗ್ರಂಥಗಳಿಂದ ಸೋಸಿ ತೆಗೆದ, ಹಬ್ಬ-ಹರಕೆ-ಡೋಲುಗಳಿಲ್ಲದ ನಿರ್ಮಲ ತತ್ತ್ವ. ನಾಡಿನ ಧರ್ಮ ಅದರ ಮೈಸಮೇತ ಅವನಿಗೆ ಎದುರಾದದ್ದು ಒಂದೇ ರಾತ್ರಿ. ಮಾರ್ಚ್ 23ರಂದು ಇಂಗ್ಲೆಂಡಿನ ಯುವರಾಜನ ಭೇಟಿಯ ನಿಮಿತ್ತ ವಿಶೇಷವಾಗಿ ಏರ್ಪಡಿಸಿದ್ದ ಪೆರಹೆರ ಮೆರವಣಿಗೆಯಲ್ಲಿ, ಪಂಜುಗಳ ಬೆಳಕಿನಲ್ಲಿ ಆನೆಗಳ ಸಾಲನ್ನೂ ಕುಣಿತಗಾರರನ್ನೂ ಕಂಡು ಅವನು ಬೆರಗಾದ. ‘ಆನೆ’ ಎಂಬ ಅವನ ಕವಿತೆ ಹುಟ್ಟಿದ್ದು ಆ ರಾತ್ರಿಯಿಂದ. ಅದರಲ್ಲಿ ಬುದ್ಧನ ನಿರ್ವಾಣಕ್ಕೆ ಸ್ಥಳವಿಲ್ಲ. ಆನೆಗಳ ಭಾರಕ್ಕೂ, ಮೆರವಣಿಗೆಯನ್ನು ನೋಡುತ್ತಿದ್ದ ಯುವರಾಜನ ದಣಿವಿಗೂ ಇದೆ. ಲಾರೆನ್ಸ್ ಪೂರ್ವವನ್ನು ಒಪ್ಪಲಿಲ್ಲ ಎಂಬ ಸರಳ ತೀರ್ಮಾನವನ್ನು ಈ ಕವಿತೆ ತಡೆಯುತ್ತದೆ. ಅವನು ಒಪ್ಪದೇ ಹೋದದ್ದು ಬಹುಮಟ್ಟಿಗೆ ತನ್ನ ಗೆಳೆಯನ ಪೂರ್ವವನ್ನು.

ಆಸ್ಟ್ರೇಲಿಯದಿಂದ ಪತ್ರಗಳು ಮತ್ತೆ ಆರಂಭವಾಗುತ್ತವೆ. ಲಾರೆನ್ಸ್‌ನ ಸ್ನೇಹಗಳ ಇತಿಹಾಸವನ್ನು ಬಲ್ಲವರಿಗೆ ಇದೇ ಆಶ್ಚರ್ಯದ ಸಂಗತಿ. ಬರ್ಟ್ರಂಡ್ ರಸೆಲ್, ಆಟೊಲಿನ್ ಮಾರೆಲ್, ಮಿಡ್ಲ್‌ಟನ್ ಮರಿ ಮೊದಲಾದವರೊಂದಿಗೆ ಅವನ ಭಿನ್ನಾಭಿಪ್ರಾಯ ಜಗಳವಾಗಿ, ಜಗಳ ಬಿರುಕಾಗಿ ಪರಿಣಮಿಸಿತು. ಬ್ರೂಸ್ಟರ್‌ರೊಂದಿಗೆ ಭಿನ್ನಾಭಿಪ್ರಾಯ ಇದಕ್ಕಿಂತ ಮೂಲಭೂತವಾದದ್ದಾಗಿದ್ದರೂ ಸ್ನೇಹ ಮುರಿಯಲಿಲ್ಲ. ಅರ್ಲ್‌ನ ಶಾಂತ ಸ್ವಭಾವ ಇದಕ್ಕೆ ಒಂದು ಕಾರಣವಿರಬಹುದು. ಪತ್ರಗಳನ್ನೇ ಅವಲೋಕಿಸಿದರೆ ಇನ್ನೊಂದು ಕಾರಣ ಹೊಳೆಯುತ್ತದೆ: ಇವು ಒಬ್ಬ ವ್ಯಕ್ತಿಗೆ ಬರೆದವಲ್ಲ, ಒಂದು ಮನೆಗೆ ಬರೆದವು. ಅರ್ಲ್‌ಗೆ ಬುದ್ಧನ ಬಗ್ಗೆ, ದೇಹದ ಶಕ್ತಿಕೇಂದ್ರಗಳ ಬಗ್ಗೆ, ಸನ್ಯಾಸದ ಬಗ್ಗೆ ತಕರಾರು ಹೂಡುವ ಲೇಖನಿಯೇ ಆಕ್ಸಾಳಿಗೆ ಮನೆ, ಅಡುಗೆ, ಪಯಣ, ಚಿತ್ರಗಳ ಸಮಾಚಾರ ಬರೆಯುತ್ತದೆ. ಹಾರ್ವುಡ್‌ಳಿಗೆ ಮಗುವಿಗೆ ಬರೆಯುವ ಹಾಗೆ ಬರೆಯುತ್ತದೆ. ಒಬ್ಬನಿಗೆ ಹೇಳಿದ ‘ಇಲ್ಲ’ವನ್ನು ಮನೆಯ ಉಳಿದ ಇಬ್ಬರಿಗೆ ಬರೆದ ಸಾಲುಗಳು ಮೆತ್ತಗಾಗಿಸುತ್ತವೆ. ಲಾರೆನ್ಸ್ ಹಿಂದೆ ಕ್ರಾಯ್ಡನ್‌ನಲ್ಲಿ ಶಾಲಾ ಮೇಷ್ಟರಾಗಿದ್ದವನು. ಊರಿಂದೂರಿಗೆ ತಿರುಗುವ ತಂದೆತಾಯಿಗಳೊಂದಿಗೆ ಬೆಳೆಯುತ್ತಿದ್ದ ಹಾರ್ವುಡ್‌ಳ ವಿದ್ಯಾಭ್ಯಾಸದಲ್ಲಿ ಅವನಿಗಿದ್ದ ಆಸಕ್ತಿ ಆ ಮೇಷ್ಟರ ಆಸಕ್ತಿಯೇ. ಅವಳು ಕೊನೆಗೆ ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್ ಶಾಲೆಗೆ ಸೇರಿದಳು.

1926ರ ಫೆಬ್ರವರಿಯಲ್ಲಿ ಲಾರೆನ್ಸ್ ಮತ್ತೆ ಕಾಪ್ರಿಗೆ ಬಂದಾಗ ಬ್ರೂಸ್ಟರ್ ಕುಟುಂಬ ಭಾರತಕ್ಕೆ ಹೊರಡಲು ಗಂಟುಮೂಟೆ ಕಟ್ಟುತ್ತಿತ್ತು. ಆ ಪ್ರಯಾಣ ಮುಗಿಸಿ ಬಂದ ಅರ್ಲ್‌ನೊಂದಿಗೆ 1927ರಲ್ಲಿ ನಡೆದ ಸಂವಾದವೇ ಇಡೀ ಪತ್ರವ್ಯವಹಾರದ ಅತ್ಯಂತ ಫಲವತ್ತಾದ ಭಾಗ. ಲಾರೆನ್ಸ್ ಆಗತಾನೆ ಫ್ಲಾರೆನ್ಸಿನ ಹತ್ತಿರದ ಮಿರೆಂಡಾ ಮನೆಯಲ್ಲಿ ತೈಲಚಿತ್ರ ರಚನೆಗೆ ತೊಡಗಿದ್ದ. ಚಿತ್ರಕಾರ ಗೆಳೆಯನಿಗೆ ಫೆಬ್ರವರಿಯಲ್ಲಿ ಬರೆದ ಪತ್ರದಲ್ಲಿ, ತನ್ನ ಪ್ರತಿ ಚಿತ್ರದಲ್ಲಿಯೂ ಎಲ್ಲಾದರೊಂದು ಕಡೆ ಪುರುಷಚಿಹ್ನೆಯನ್ನು ಇಡುವುದಾಗಿ ತಿಳಿಸಿ, ನೀವು ಅದನ್ನು ಲಿಂಗ ಎನ್ನುತ್ತೀರಲ್ಲ ಎಂಬ ಅರ್ಥದ ಮಾತೊಂದನ್ನು ಸೇರಿಸುತ್ತಾನೆ. ಚಿತ್ರ ನೋಡಿದವರಿಗೆ ಆಘಾತವಾಗಬೇಕೆಂಬುದೂ ಅವನ ಉದ್ದೇಶವೇ. ಅದು ನಡೆದೂ ಹೋಯಿತು: 1929ರ ಜುಲೈ 5ರಂದು ಲಂಡನ್ನಿನ ವಾರೆನ್ ಗ್ಯಾಲರಿಯಿಂದ ಪೊಲೀಸರು ಅವನ 13 ಚಿತ್ರಗಳನ್ನು ಹೊತ್ತೊಯ್ದರು. ಆದರೆ ಪತ್ರದ ಆ ಮಾತಿನಲ್ಲಿ ಗಮನಿಸಬೇಕಾದದ್ದು ‘ನೀವು’ ಎಂಬ ಪದ. ಲಿಂಗ ಎಂಬುದು ಲಾರೆನ್ಸ್‌ನ ಶಬ್ದವಲ್ಲ, ಅರ್ಲ್‌ನಿಂದ ಪಡೆದ ಶಬ್ದ. ಸ್ಥಾವರಲಿಂಗ, ಇಷ್ಟಲಿಂಗಗಳ ಅರ್ಥಪರಂಪರೆಯಲ್ಲಿ ಬೆಳೆದ ಕನ್ನಡ ಓದುಗರಿಗೆ ಲಾರೆನ್ಸ್‌ನ ಬಳಕೆ ಬಹಳ ಕಿರಿದೆನಿಸುತ್ತದೆ. ರೂಪವೂ ಅರೂಪವೂ ಆದದ್ದನ್ನು ಅವನು ಬರಿಯ ಅಂಗಕ್ಕೆ ಇಳಿಸಿದ್ದಾನೆ. ಇದು ಸಕಾರಣವಾದ ಆಕ್ಷೇಪವೇ. ಆದರೂ ನಿರ್ವಾಣದ ಮಾತಾಡುತ್ತಿದ್ದ ಗೆಳೆಯನ ಚೀಲದಿಂದಲೇ ನಿರ್ವಾಣಕ್ಕೆ ಎದುರಾಗಿ ಹೂಡಬಹುದಾದ ಶಬ್ದವನ್ನು ಹೆಕ್ಕಿ ತೆಗೆದ ಅವನ ಚಾತುರ್ಯವನ್ನು ಮೆಚ್ಚದಿರಲಾಗದು.

ಆ ವರ್ಷದ ಮಾರ್ಚ್‌ನಲ್ಲಿ ರವೆಲ್ಲೊ ಊರಿನ ವಿಲ್ಲಾ ಚಿಂಬ್ರೋನೆಯಲ್ಲಿ ಬ್ರೂಸ್ಟರ್‌ರ ಅತಿಥಿಯಾಗಿದ್ದ ಲಾರೆನ್ಸ್, ಏಪ್ರಿಲ್‌ನಲ್ಲಿ ಅರ್ಲ್‌ನೊಂದಿಗೆ ಪ್ರಾಚೀನ ಎಟ್ರುಸ್ಕನ್ನರ ಸಮಾಧಿಗಳನ್ನು ನೋಡಲು ಚೆರ್ವೆತೆರಿ, ತಾರ್ಕ್ವಿನಿಯಾ, ವುಲ್ಚಿ, ವೊಲ್ತೆರ್ರಾಗಳಿಗೆ ಪ್ರವಾಸ ಹೋದ. ಈ ಪ್ರವಾಸದ ಪ್ರಬಂಧಗಳು ಅವನ ನಿಧನಾನಂತರ 1932ರಲ್ಲಿ ಗ್ರಂಥರೂಪದಲ್ಲಿ ಬಂದವು. ಗ್ರಂಥದಲ್ಲಿ ಅರ್ಲ್ ‘ಬಿ’ ಎಂಬ ಒಂದಕ್ಷರವಾಗಿ ಮಾತ್ರ ಉಳಿದಿದ್ದಾನೆ. ಆದರೆ ಆ ಒಂದಕ್ಷರದ ನೆರಳು ದೊಡ್ಡದು. ಚೆರ್ವೆತೆರಿಯ ಸಮಾಧಿಗಳ ಬಾಗಿಲಲ್ಲಿರುವ ಕಲ್ಲಿನ ಪುರುಷಚಿಹ್ನೆಗಳನ್ನು ವರ್ಣಿಸುವಾಗ ಲಾರೆನ್ಸ್ ಇದ್ದಕ್ಕಿದ್ದಂತೆ ಬನಾರಸವನ್ನು ತರುತ್ತಾನೆ. ಭಾರತದ ಬಗ್ಗೆ ಎಷ್ಟು ಪುಸ್ತಕ ಓದಿದರೂ, ಅಲ್ಲಿ ಕಾಲಿಟ್ಟ ಮೊದಲ ಐದು ನಿಮಿಷಗಳಲ್ಲಿ ಕಣ್ಣಿಗೆ ಬೀಳುವ ಈ ಚಿಹ್ನೆಯ ಉಲ್ಲೇಖ ಸಿಗದು ಎಂಬುದು ಅವನ ವಾದ. ಲಾರೆನ್ಸ್ ಭಾರತದ ನೆಲವನ್ನು ಮೆಟ್ಟಿದವನೇ ಅಲ್ಲ. ಸಿಂಹಳದಿಂದ ಆಚೆಗೆ ಅವನು ಬರಲಿಲ್ಲ. ಆ ಐದು ನಿಮಿಷಗಳು ಯಾರವು? ಸಮಾಧಿಯ ಕತ್ತಲಲ್ಲಿ ಅವನ ಪಕ್ಕದಲ್ಲಿ ನಿಂತಿದ್ದವನು ಭಾರತದಿಂದ ಹಿಂದಿರುಗಿ ಹೆಚ್ಚು ಕಾಲವಾಗಿರಲಿಲ್ಲ ಎಂಬುದನ್ನು ನೆನೆದರೆ ಊಹೆ ಕಷ್ಟವಲ್ಲ. ಲಾರೆನ್ಸ್‌ನ ಭಾರತ ಗೆಳೆಯನ ಬಾಯಿಂದಲೂ ಲಕೋಟೆಯೊಳಗಿಂದಲೂ ಬಂದ ಭಾರತ. ಅದನ್ನು ಅವನು ಕಂಡದ್ದೆಂಬಂತೆ ಬರೆದದ್ದು ಪ್ರಾಮಾಣಿಕತೆಯ ದೃಷ್ಟಿಯಿಂದ ಪ್ರಶ್ನಾರ್ಹವೇ ಸರಿ.

ಈಸ್ಟರ್ ಹಬ್ಬ ಹತ್ತಿರವಿದ್ದ ಆ ದಿನಗಳಲ್ಲಿ ಒಂದು ಅಂಗಡಿಯ ಕಿಟಕಿಯಲ್ಲಿ, ಮೊಟ್ಟೆಯೊಳಗಿಂದ ತಪ್ಪಿಸಿಕೊಂಡು ಬರುವ ಹುಂಜದ ಆಟಿಕೆ ಕಾಣಿಸಿತೆಂದೂ, ತಪ್ಪಿಸಿಕೊಂಡ ಹುಂಜ ಎಂಬುದು ಪುನರುತ್ಥಾನದ ಕತೆಯೊಂದಕ್ಕೆ ಹೆಸರಾಗಬಹುದೆಂದು ತಾನು ಹೇಳಿದೆನೆಂದೂ ಅರ್ಲ್ ನೆನೆದುಕೊಂಡಿದ್ದಾನೆ. ಮೇ ತಿಂಗಳಲ್ಲಿ ಲಾರೆನ್ಸ್ ಅಂಥದೊಂದು ಕತೆ ಬರೆದದ್ದನ್ನು ಅವನಿಗೆ ಪತ್ರದಲ್ಲಿ ತಿಳಿಸಿದ. 1928ರಲ್ಲಿ ಅದರ ಮೊದಲ ಭಾಗವೂ 1929ರಲ್ಲಿ ಪೂರ್ಣರೂಪವೂ ಪ್ರಕಟವಾದವು. ಶಿಲುಬೆಯಿಂದ ಮರಳಿ ಬಂದವನು ಅದರಲ್ಲಿ ಉಪದೇಶವನ್ನೂ ಲೋಕೋದ್ಧಾರವನ್ನೂ ಬಿಟ್ಟು ದೇಹದ ಬಾಳಿಗೆ ಮರಳುತ್ತಾನೆ. ಕ್ರೈಸ್ತ ಕತೆಯ ವಿಡಂಬನೆಯೆಂದು ಅದನ್ನು ಓದುವುದುಂಟು. ಬ್ರೂಸ್ಟರ್ ಪತ್ರಗಳ ಹಿನ್ನೆಲೆಯಲ್ಲಿ ಓದಿದಾಗ ಅದು ಬೌದ್ಧ ಗೆಳೆಯನಿಗೆ ಕೊಟ್ಟ ಉತ್ತರವೂ ಆಗಿ ಕಾಣುತ್ತದೆ. ಹಂಬಲವನ್ನು ನಂದಿಸಿದ ಮೇಲೆ ಏನು ಎಂಬ ಪ್ರಶ್ನೆಗೆ, ಅಲ್ಲಿಂದ ಮತ್ತೆ ಹೊರಡಬೇಕು ಎಂಬ 1922ರ ಉತ್ತರವೇ ಇಲ್ಲಿ ಕತೆಯ ರೂಪ ತಾಳಿದೆ. ಹೆಸರು ಕೊಟ್ಟವನು ಎದುರಾಳಿಯೇ ಎಂಬುದು ಈ ವಾಗ್ವಾದದ ಸೊಗಸು.

ಸ್ನೇಹಕ್ಕೆ ಕಹಿಯ ಮುಖವೂ ಇತ್ತು. 1928ರ ಆಗಸ್ಟ್‌ನಲ್ಲಿ ಪ್ರಕಟವಾದ ‘ವಸ್ತುಗಳು’ ಎಂಬ ಸಣ್ಣಕತೆಯಲ್ಲಿ ನ್ಯೂ ಇಂಗ್ಲೆಂಡಿನ ಆದರ್ಶವಾದಿ ದಂಪತಿಗಳು ಯೂರೋಪಿಗೆ ಬಂದು, ಸೌಂದರ್ಯವನ್ನರಸಿ, ಭಾರತೀಯ ಚಿಂತನೆಯನ್ನೂ ರುಚಿ ನೋಡಿ ಬಿಟ್ಟು, ಕೂಡಿಹಾಕಿದ ಹಳೆಯ ಪೀಠೋಪಕರಣಗಳಿಗೆ ಕೊನೆಗೆ ತಾವೇ ಬಂದಿಗಳಾಗುತ್ತಾರೆ. ಗಂಡ ಅಮೆರಿಕದ ಕಾರ್ಖಾನೆ ಪಟ್ಟಣವೊಂದರಲ್ಲಿ ಕೆಲಸ ಹಿಡಿದು ಶರಣಾಗುತ್ತಾನೆ. ಮಾದರಿ ಯಾರೆಂಬುದು ತಿಳಿದವರಿಗೆ ಗುಟ್ಟಾಗಿರಲಿಲ್ಲ. ಅದೇ ಬೇಸಿಗೆಯಲ್ಲಿ ಬ್ರೂಸ್ಟರ್‌ರು ಸ್ವಿಟ್ಜರ್ಲೆಂಡಿನ ಗ್‌ಸ್ಟೈಗ್‌ನಲ್ಲಿ ಕಾಯಿಲೆಯ ಲಾರೆನ್ಸ್‌ಗೆ ಜೊತೆಯಾಗಿದ್ದರು! ಕತೆ ಚುರುಕಾಗಿದೆ, ನಗಿಸುತ್ತದೆ. ಆದರೆ ಪತ್ರಗಳನ್ನು ಓದಿ ಬಂದವನಿಗೆ ಅದು ಸಣ್ಣದಾಗಿ ಕಾಣುವುದು ಅನಿವಾರ್ಯ. ಪತ್ರದಲ್ಲಿ ಸರಿಸಮನಾದ ಎದುರಾಳಿಯಾಗಿದ್ದವನು ಕತೆಯಲ್ಲಿ ಗುರಿಹಲಗೆಯಾಗಿದ್ದಾನೆ. ವಿಡಂಬನೆಗೆ ಉತ್ತರ ಬರುವ ಭಯವಿಲ್ಲ; ಪತ್ರಕ್ಕೆ ಮರುಟಪಾಲಿನಲ್ಲಿ ಉತ್ತರ ಬರುತ್ತದೆ. ಲಾರೆನ್ಸ್‌ನ ಬರವಣಿಗೆ ಆ ಉತ್ತರದ ನಿರೀಕ್ಷೆ ಇದ್ದಲ್ಲಿ ಹೆಚ್ಚು ನ್ಯಾಯವಂತವಾಗಿದೆ.

1929ರ ಕೊನೆಯಲ್ಲಿ ಫ್ರಾನ್ಸಿನ ಬಾಂದೊಲ್‌ನಲ್ಲಿ ಕ್ಷಯ ಉಲ್ಬಣಿಸಿದ ಲಾರೆನ್ಸ್‌ನ ಸಮೀಪದಲ್ಲಿರಲೆಂದೇ ಬ್ರೂಸ್ಟರ್‌ರು ಅದೇ ತೀರದಲ್ಲಿ ಮನೆ ಮಾಡಿದರು. ಮತ್ತೆ ಪತ್ರಗಳು ವಿರಳವಾಗುತ್ತವೆ. ಕ್ಯಾಂಡಿಯಲ್ಲಿ ಆದಂತೆಯೇ ಸಾಮೀಪ್ಯವು ದಾಖಲೆಯನ್ನು ಅಳಿಸುತ್ತದೆ. ಆ ತಿಂಗಳುಗಳ ‘ಸಾವಿನ ಹಡಗು’ ಕವಿತೆಯ ಪ್ರತಿಮೆಯ ಬೇರು, ಅರ್ಲ್‌ನೊಡನೆ ಕಂಡ ಎಟ್ರುಸ್ಕನ್ ಸಮಾಧಿಗಳಲ್ಲಿ ಸತ್ತವರ ಜೊತೆಗಿಡುತ್ತಿದ್ದ ಪುಟ್ಟ ಕಂಚಿನ ಹಡಗಿನಲ್ಲಿದೆ. ಪೂರ್ಣ ವಿಸ್ಮೃತಿಯ ಕಡೆಗೆ ಸಾಗುವ ಆ ಕವಿತೆ ಅರ್ಲ್‌ನ ನಿಲುವಿಗೆ ಲಾರೆನ್ಸ್ ಬಂದಷ್ಟು ಹತ್ತಿರ. ಆದರೂ ಕೊನೆಯಲ್ಲಿ ಬೆಳಗಾಗುವುದನ್ನು ಅವನು ಬಿಟ್ಟುಕೊಡುವುದಿಲ್ಲ. 1930ರ ಮಾರ್ಚ್ 2ರಂದು ವೆನ್ಸ್‌ನಲ್ಲಿ ಅವನು ತೀರಿಕೊಂಡ.

ಆನಂತರದ ನಾಲ್ಕೈದು ವರ್ಷ ಲಾರೆನ್ಸ್‌ನ ಗೆಳೆಯರು ನೆನಪಿನ ಪುಸ್ತಕಗಳ ಮೂಲಕ ಪರಸ್ಪರ ಕಾದಾಡಿದ ಕಾಲ. ಮರಿಯ ಗ್ರಂಥ 1931ರಲ್ಲಿ, ಅದಕ್ಕೆ ಪ್ರತಿಯಾಗಿ ಕ್ಯಾಥರೀನ್ ಕಾರ್ಸ್‌ವೆಲ್‌ಳ ಗ್ರಂಥ 1932ರಲ್ಲಿ ಬಂದವು. ಮರಿಯ ಆಕ್ಷೇಪದಿಂದ ಎರಡನೆಯದನ್ನು ಹಿಂತೆಗೆದುಕೊಳ್ಳಬೇಕಾಯಿತು. ಮೇಬಲ್ ಡಾಜ್, ಡೊರೊಥಿ ಬ್ರೆಟ್, ಫ್ರೀಡಾ ಎಲ್ಲರೂ ತಮ್ಮತಮ್ಮ ಲಾರೆನ್ಸ್‌ನನ್ನು ಮುಂದಿಟ್ಟರು. ಈ ಗದ್ದಲದ ನಡುವೆ ಬಂದ ಬ್ರೂಸ್ಟರ್‌ರ ಪುಸ್ತಕ ಯಾರ ಮೇಲೂ ದೂರು ಹೇಳುವುದಿಲ್ಲ, ಲಾರೆನ್ಸ್ ತಮ್ಮವನೆಂದು ಹಕ್ಕು ಸಾಧಿಸುವುದಿಲ್ಲ. ಇದೇ ಅದರ ಗುಣ. ಇದೇ ಅದರ ಕೊರತೆ ಕೂಡ. ತಮ್ಮನ್ನು ಖಂಡಿಸಿದ ಪತ್ರಗಳನ್ನು ಅವರು ಪ್ರಕಟಿಸಿದರು, ಆದರೆ ಆ ಖಂಡನೆಗೆ ಅರ್ಲ್ ಬರೆದ ಉತ್ತರಗಳು ಪುಸ್ತಕದ ಕೇಂದ್ರದಲ್ಲಿಲ್ಲ. ಓದುಗನಿಗೆ ಕೇಳಿಸುವುದು ಲಾರೆನ್ಸ್‌ನ ದನಿ ಮಾತ್ರ. ಪ್ರಶ್ನೆ ಏನಿತ್ತು ಎಂಬುದನ್ನು ಉತ್ತರದಿಂದ ಹಿಮ್ಮುಖವಾಗಿ ಕಟ್ಟಿಕೊಳ್ಳಬೇಕು. ಸೌಜನ್ಯದಿಂದಲೋ ವಿರಕ್ತಿಯಿಂದಲೋ ಅರ್ಲ್ ತನ್ನ ಪಾಲನ್ನು ಹಿಂದಕ್ಕೆ ಸರಿಸಿದ. ಅದರ ಫಲವಾಗಿ ವಾಗ್ವಾದದಲ್ಲಿ ಲಾರೆನ್ಸ್ ಗೆದ್ದನೆಂಬ ಭ್ರಮೆ ವಿಮರ್ಶೆಯಲ್ಲಿ ನಿಂತುಬಿಟ್ಟಿದೆ.

‘ವಸ್ತುಗಳು’ ಕತೆಯ ದಂಪತಿಗಳು ಅಮೆರಿಕಕ್ಕೆ ಮರಳಿದರು. ಬ್ರೂಸ್ಟರ್ ದಂಪತಿಗಳು ಮರಳಲಿಲ್ಲ. ಲಾರೆನ್ಸ್‌ನ ಪತ್ರಗಳನ್ನು ಅಚ್ಚಿಗೆ ಕೊಟ್ಟ ಮರುವರ್ಷ, 1935ರಲ್ಲಿ, ಅವರು ಹಿಮಾಲಯದ ಅಲ್ಮೋರಾಕ್ಕೆ ಬಂದು ನೆಲೆಸಿ ಚಿತ್ರ ಬರೆಯುತ್ತ ಉಳಿದರು. ಆಕ್ಸಾ 1945ರಲ್ಲಿ ಅಲ್ಲಿಯೇ ತೀರಿಕೊಂಡಳು. ಅರ್ಲ್ 1957ರವರೆಗೆ ಅಲ್ಲಿದ್ದ.